ಕಲ್ಲಿನ ಮುಂದೆ ಕನ್ನಡ ಮಾಸ್ತರ

ಪ್ರವಾಸದ ಅನುಭವವೊಂದನ್ನು ಕುರಿತು ಮಾತನಾಡಬೇಕೆಂದು ನಿಲಯದವರು ಕೇಳಿದಾಗ ನನಗೆ ಸಂಕೋಚವೇ ಆಯಿತು. ಪ್ರವಾಸ ಕಥನವೆಂದರೆ ಅದರಲ್ಲಿ ಹಡಗು, ವಿಮಾನ, ಹಿಮ ಇರಬೇಕು. ಇಲ್ಲವೆ ಕಾಶಿ, ಬದರಿಗಳಾದರೂ ಇರಬೇಕು ಎಂಬುದು ನಮ್ಮಲ್ಲಿ ರೂಢಿ. ನಾನು ಹೇಳಹೊರಟಿರುವುದು ಒಂದೇ ದಿನದ ತಿರುಗಾಟ. ರಾಣೆಬೆನ್ನೂರು ತಾಲೂಕಿನ ನಮ್ಮ ಮೇಡ್ಲೇರಿಯಿಂದ ಬೆಳಗಿನ ಆರು ಗಂಟೆಗೆ ಹೊರಟು, ದೀಪ ಹಚ್ಚುವ ಹೊತ್ತಿಗೆ ಅದೇ ಮೇಡ್ಲೇರಿಗೆ ಮರಳಿದ್ದು. ಕಾರು ನನ್ನದು, ನಡೆಸಿದವನೂ ನಾನೇ. ಮೂವತ್ತನಾಲ್ಕು ವರ್ಷ ಪ್ರೌಢಶಾಲೆಗಳಲ್ಲಿ ಕನ್ನಡ ಕಲಿಸಿ ನಿವೃತ್ತನಾದವನು ನಾನು. ಈ ಒಂದು ಸಂಗತಿಯನ್ನು ಕೇಳುಗರು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಈ ತಿರುಗಾಟಕ್ಕೆ ಮೂಲ ಇನ್ನೊಂದು ತಿರುಗಾಟ. ನನ್ನ ಮಗಳು ಅಮೆರಿಕೆಯ ಟೆಕ್ಸಾಸಿನಲ್ಲಿದ್ದಾಳೆ. ಕಳೆದ ಡಿಸೆಂಬರಿನಲ್ಲಿ ಹತ್ತು ವರ್ಷದ ಮೊಮ್ಮಗಳನ್ನು ಕರೆದುಕೊಂಡು ಊರಿಗೆ ಬಂದಿದ್ದಳು. ಅದಕ್ಕೂ ಒಂದು ವರ್ಷ ಮುಂಚೆ ಅವರು ಮೆಕ್ಸಿಕೋ ದೇಶದ ಯುಕಾತಾನ್ ಸೀಮೆಗೆ ಹೋಗಿ, ಮೆರಿದಾ ಎಂಬ ಪಟ್ಟಣದಲ್ಲಿ ಕಾರೊಂದನ್ನು ಬಾಡಿಗೆಗೆ ಹಿಡಿದು, ಮಾಯಾ ಜನರ ಹಳೆಯ ನಗರಗಳನ್ನು ತಾವೇ ಗಾಡಿ ನಡೆಸಿಕೊಂಡು ನೋಡಿ ಬಂದಿದ್ದರು. ಉಷ್ಮಾಲ್, ಚಿಚೆನ್ ಇತ್ಸಾ ಎಂಬ ಹೆಸರುಗಳು ಎರಡು ರಾತ್ರಿ ನಮ್ಮ ಮನೆಯ ಕಟ್ಟೆಯ ಮೇಲೆ ಕೇಳಿಬಂದವು. ಅಲ್ಲಿ ಪ್ರತಿ ಹಳ್ಳಿಯ ಬಾಯಿಗೂ ರಸ್ತೆಗೆ ಅಡ್ಡಲಾಗಿ ದಿಬ್ಬಗಳಿರುತ್ತವಂತೆ. ಅವಕ್ಕೆ 'ತೋಪೆ' ಎಂದು ಹೆಸರು. ಗಾಡಿ ಅಲ್ಲಿ ನಿಧಾನವಾಗುವುದನ್ನೇ ಕಾಯ್ದು ಹೆಂಗಸರು ಹಣ್ಣು ಮಾರಲು ಬರುತ್ತಾರಂತೆ. ಇಷ್ಟಕ್ಕೆ ಮೆಕ್ಸಿಕೋದವರೆಗೆ ಹೋಗಬೇಕಾಗಿತ್ತೆ ಎಂದು ನಾನು ನಕ್ಕೆ.

ಆದರೆ ಒಂದು ಕಥೆಗೆ ನಗು ಬರಲಿಲ್ಲ. ಮಾನಿ ಎಂಬುದು ಆ ಸೀಮೆಯ ಒಂದು ಸಣ್ಣ ಊರು. ಅಲ್ಲಿ 1562ರಲ್ಲಿ ದಿಯೇಗೊ ದೆ ಲಾಂದಾ ಎಂಬ ಸ್ಪೇನಿನ ಪಾದ್ರಿ, ಮಾಯಾ ಜನರ ಕೈಬರಹದ ಪುಸ್ತಕಗಳನ್ನು ಒಟ್ಟುಗೂಡಿಸಿ ಬೆಂಕಿ ಇಡಿಸಿದ. ಇಂದು ಜಗತ್ತಿನಲ್ಲಿ ಉಳಿದಿರುವ ಮಾಯಾ ಹೊತ್ತಿಗೆಗಳು ನಾಲ್ಕೇ ನಾಲ್ಕು. ಕಲ್ಲಿನ ಮೇಲಿನ ಬರಹ ಉಳಿಯಿತು, ಓದಬಲ್ಲವರು ಉಳಿಯಲಿಲ್ಲ. ವಿಚಿತ್ರವೆಂದರೆ, ಅದೇ ಲಾಂದಾ ಆ ಲಿಪಿಯ ಕೆಲವು ಅಕ್ಷರಗಳನ್ನು ತನ್ನ ಗ್ರಂಥದಲ್ಲಿ ಬರೆದಿಟ್ಟಿದ್ದ. ಯೂರಿ ಕ್ನೊರೊಸೊವ್ ಎಂಬ ರಷ್ಯದ ವಿದ್ವಾಂಸ 1952ರಲ್ಲಿ ಅದನ್ನೇ ಕೀಲಿಕೈಯಾಗಿ ಹಿಡಿದು ಲಿಪಿಯ ಬೀಗ ತೆಗೆಯುವ ದಾರಿ ತೋರಿಸಿದ. ಅದುವರೆಗೆ ಆ ಶಾಸನಗಳಲ್ಲಿ ಗ್ರಹತಾರೆಗಳ ಲೆಕ್ಕವಷ್ಟೇ ಇದೆಯೆಂದು ಬಹಳ ಜನ ಪಂಡಿತರು ನಂಬಿದ್ದರು. 1960ರಲ್ಲಿ ತತಿಯಾನಾ ಪ್ರೊಸ್ಕೂರಿಯಾಕೊವ್ ಎಂಬಾಕೆ, ಅವು ರಾಜರಾಣಿಯರ ಹುಟ್ಟು, ಪಟ್ಟ, ಯುದ್ಧಗಳ ದಾಖಲೆಗಳೆಂದು ತೋರಿಸಿಕೊಟ್ಟರು. ಮಾಯಾ ಜನ ಅಳಿದುಹೋದವರಲ್ಲ ಎಂಬುದನ್ನು ಮಗಳು ಒತ್ತಿ ಹೇಳಿದಳು. ಯುಕಾತಾನಿನ ಮಾಯಾ ಭಾಷೆಯೊಂದನ್ನೇ ಏಳು ಲಕ್ಷಕ್ಕೂ ಹೆಚ್ಚು ಜನ ಇಂದಿಗೂ ಆಡುತ್ತಾರೆ. ಅವರ ಮಕ್ಕಳಲ್ಲಿ ಕೆಲವರು ಈಗ ಆ ಹಳೆಯ ಲಿಪಿಯನ್ನು ಹೊಸದಾಗಿ ತಿದ್ದುತ್ತಿದ್ದಾರೆ.

ಮೊಮ್ಮಗಳು ಆಗ ಕೇಳಿದಳು: "ಅಜ್ಜಾ, ನಿಮ್ಮ ಕಡೆ ಬರದಿರೋ ಕಲ್ಲು ಇಲ್ವಾ?"

ನನ್ನ ಅಭಿಮಾನ ಕೆರಳಿತು. ಇಲ್ಲವೆ? ಕನ್ನಡದಲ್ಲಿ ಇಪ್ಪತ್ತು ಸಾವಿರಕ್ಕೂ ಮೀರಿ ಶಾಸನಗಳಿವೆ ಮಗು, ಒಂದೂವರೆ ಸಾವಿರ ವರ್ಷದಿಂದ ಕೆತ್ತಿದ್ದು, ನಾಳೆಯೇ ತೋರಿಸುತ್ತೇನೆ ಎಂದೆ. ಅಮೆರಿಕೆಯಲ್ಲಿ ಬಲಗಡೆಗೆ ಗಾಡಿ ನಡೆಸಿ ರೂಢಿಯಾದ ಮಗಳು, "ಅಪ್ಪಾಜಿ, ನಿಮಗೆ ದಣಿವಾಗ್ತದ, ನಾನು ನಡೆಸ್ತೀನಿ" ಎಂದಳು. ನಮ್ಮ ರಸ್ತೆಯಲ್ಲಿ ಎಡ ಬಲಗಳ ಭೇದ ಬಲ್ಲವನಿಗಿಂತ ಎಮ್ಮೆಯ ಮನಸ್ಸು ಬಲ್ಲವನೇ ಮೇಲು ಎಂದು ಹೇಳಿ ಸ್ಟೀರಿಂಗನ್ನು ಬಿಟ್ಟುಕೊಡಲಿಲ್ಲ.

ಡಿಸೆಂಬರಿನ ಬೆಳಗು. ಮಂಜಿನಲ್ಲಿ ಎರಡು ಕೃಷ್ಣಮೃಗಗಳು ರಸ್ತೆ ದಾಟಿದವು. 1974ರಲ್ಲಿ ರಾಣೆಬೆನ್ನೂರಿನಲ್ಲಿ ಅಭಯಾರಣ್ಯವಾದದ್ದು ಇವುಗಳಿಗಾಗಿ, ಮತ್ತು ಎರೆಭೂತವೆಂದು ನಮ್ಮವರು ಕರೆಯುತ್ತಿದ್ದ ಆ ದೊಡ್ಡ ಹಕ್ಕಿಗಾಗಿ. ಜಿಂಕೆ ಉಳಿದಿದೆ; ಹಕ್ಕಿಯ ಹೆಸರಷ್ಟೇ ಉಳಿದಿದೆ. ಮುಂದೆ ಡಾಂಬರಿನ ಅರ್ಧ ರಸ್ತೆಯೇ ಕಣವಾಗಿತ್ತು. ಹಾವೇರಿ ಜಿಲ್ಲೆಯಲ್ಲಿ ಆ ತಿಂಗಳು ಗಾಡಿ ನಡೆಸಿದವರಿಗೆ ಇದು ಗೊತ್ತು. ಫರ್ಲಾಂಗುಗಟ್ಟಲೆ ಗೋವಿನಜೋಳ ಹರವಿ, ಅಂಚಿಗೆ ಸಾಲಾಗಿ ಕಲ್ಲು ಇಟ್ಟಿರುತ್ತಾರೆ. ಕಾಳು ಕಾಯುತ್ತಿದ್ದ ರೈತ ನನ್ನ ಹಳೆಯ ಪರಿಚಯದವನು.

"ಸಾವಕಾಶ ಹೋಗ್ರಿ ಮಾಸ್ತರ, ಕಾಳು ಸಿಡೀತಾವ" ಎಂದ.

"ಇದು ಮೊದಲಿಗೆ ಎಲ್ಲಿಂದ ಬಂತು ಗೊತ್ತೇನಪ್ಪಾ?" ಎಂದು ಕೇಳಿದೆ.

"ಯಾಕ್ರೀ, ರಾಣೆಬೆನ್ನೂರ ಬೀಜದಂಗಡಿಯಿಂದ" ಎಂದ.

ಮಗಳು ನಕ್ಕಳು. ಆದರೆ ಅವನ ಉತ್ತರದಲ್ಲಿ ತಪ್ಪೇನೂ ಇರಲಿಲ್ಲ. ಬೀಜದ ವ್ಯಾಪಾರಕ್ಕೆ ರಾಣೆಬೆನ್ನೂರು ಹೆಸರಾದ ಊರು. ಹೈಬ್ರಿಡ್ ಬೀಜ ಪ್ರತಿವರ್ಷ ಅಂಗಡಿಯಿಂದಲೇ ಬರಬೇಕು. ಮನೆಯ ಗುಡಾಣದಲ್ಲಿ ಕಟ್ಟಿಟ್ಟು ಬಿತ್ತುವ ಕಾಲ ಹೋಯಿತು. ಮಾಯಾ ಜನರ ಒಂದು ಶಾಖೆಯ ಪುರಾಣ 'ಪೊಪೋಲ್ ವುಹ್'. ಅದರ ಪ್ರಕಾರ ದೇವತೆಗಳು ಮನುಷ್ಯನನ್ನು ಮೊದಲು ಮಣ್ಣಿನಿಂದ ಮಾಡಿದರು, ಆಮೇಲೆ ಕಟ್ಟಿಗೆಯಿಂದ ಮಾಡಿದರು. ಎರಡೂ ಸರಿಹೋಗದೆ ಕಡೆಗೆ ಈ ಜೋಳದ ಹಿಟ್ಟಿನಿಂದ ಮಾಡಿದರು. ಅಲ್ಲಿಯ ರೈತ ಇಂದಿಗೂ ಈ ಜೋಳದೊಡನೆ ಅವರೆಯ ಜಾತಿಯ ಕಾಳನ್ನೂ ಕುಂಬಳವನ್ನೂ ಒಂದೇ ಹೊಲದಲ್ಲಿ ಹಾಕುತ್ತಾನೆ, ನಮ್ಮ ಹಿರಿಯರು ಬಿಳಿಜೋಳದ ನಡುವೆ ತೊಗರಿಯ ಅಕ್ಕಡಿ ಸಾಲು ಬಿಡುತ್ತಿದ್ದಂತೆಯೇ. ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ಅರೆದು, ರೊಟ್ಟಿ ತಟ್ಟುತ್ತಾರೆ. ನಾವು ಬೆಳೆದದ್ದು ಬಹುಪಾಲು ಕೋಳಿಯ ಮೇವಿಗೂ ಪಿಷ್ಟದ ಕಾರಖಾನೆಗಳಿಗೂ ಹೋಗುತ್ತದೆ. ಅಲ್ಲಿ ಮನುಷ್ಯನ ಮೈಯೇ ಆದದ್ದು ಇಲ್ಲಿ ಗೋವಿನ ಜೋಳವಾಯಿತು. ನಮ್ಮ ಜನ ಹೆಸರಿಡುವಾಗ ಎಡವುವುದಿಲ್ಲ.

ಹೀಗೆ ಮಾತನಾಡುತ್ತ ಚೌಡದಾನಪುರ ತಲುಪಿದೆವು. ತುಂಗಭದ್ರೆಯ ದಡದಲ್ಲಿ ಮುಕ್ತೇಶ್ವರ ಗುಡಿ. ಬಳಪದ ಕಲ್ಲಿನ ಆ ಕೆಲಸವನ್ನು ವರ್ಣಿಸಲು ಹೋಗುವುದಿಲ್ಲ, ನೋಡದವರು ನೋಡಬೇಕು. ಗುಡಿಯ ಆವರಣದಲ್ಲಿ ಆಳೆತ್ತರದ ಶಾಸನದ ಕಲ್ಲುಗಳು ನಿಂತಿವೆ. ಗುತ್ತಲದಿಂದ ಆಳಿದ ಗುತ್ತ ಅರಸರ ವಂಶವನ್ನು ಹೇಳುವ ಶಾಸನಗಳವು. ಉಜ್ಜಯಿನಿಯ ಚಂದ್ರಗುಪ್ತನವರೆಗೆ ತಮ್ಮ ಬೇರನ್ನು ಎಳೆದುಕೊಂಡು ಹೋದವರು ಆ ಅರಸರು. ಇದೆಲ್ಲವನ್ನೂ ನಾನು ಮೊಮ್ಮಗಳಿಗೆ ಪಾಠ ಹೇಳುವ ಗತ್ತಿನಲ್ಲಿಯೇ ಹೇಳಿದೆ.

"ಅಜ್ಜಾ, ಓದು" ಎಂದಳು.

ಕೇಳುಗರೆ, ಇಲ್ಲಿ ನಾನು ಒಂದು ಅಪರಾಧ ಮಾಡಿದೆ. ನಮ್ಮ ಶೈವ ಶಾಸನಗಳ ಮೊದಲಿಗೆ ಸಾಮಾನ್ಯವಾಗಿ ಬರುವ ಶಿವಸ್ತುತಿಯ ಸಂಸ್ಕೃತ ಶ್ಲೋಕ ನನಗೆ ಕಂಠಪಾಠ. ಕಲ್ಲಿನ ಮೊದಲ ಸಾಲಿನ ಮೇಲೆ ಬೆರಳಾಡಿಸುತ್ತ ಅದನ್ನು ರಾಗವಾಗಿ ಹೇಳಿದೆ. ಶ್ಲೋಕ ಮುಗಿಯಿತು, ಬೆರಳು ಇನ್ನೂ ಸಾಲಿನ ನಡುವೆಯೇ ಇತ್ತು. ಹುಡುಗಿ ಸುಮ್ಮನಿದ್ದು, ಅನಂತರ ಒಂದು ಅಕ್ಷರದ ಮೇಲೆ ತನ್ನ ಬೆರಳಿಟ್ಟು ಕೇಳಿದಳು: "ಇದು ಯಾವ ಅಕ್ಷರ?"

ನಾನು ಕನ್ನಡಕ ಒರೆಸಿದೆ. 'ಮ' ಎಂದೆ, ಅಲ್ಲ, 'ವ' ಇರಬಹುದು ಎಂದೆ.

"ಅಜ್ಜಾ, ನೀನು ಕಲ್ಲನ್ನ ನೋಡ್ತಾನೇ ಇಲ್ಲ" ಎಂದಳು.

ಪಂಪ, ರನ್ನರ ಹಳಗನ್ನಡವನ್ನು ಮೂವತ್ತನಾಲ್ಕು ವರ್ಷ ಪಾಠ ಮಾಡಿದವನಿಗೆ ಹೀಗಾಯಿತು. ಭಾಷೆ ನನಗೆ ಗೊತ್ತಿತ್ತು. ಅಚ್ಚಿನ ಮೊಳೆಯಲ್ಲಿ ಬಂದರೆ ನೀರು ಕುಡಿದಂತೆ ಓದಬಲ್ಲೆ. ಕಲ್ಲಿನ ಮೇಲಿರುವ ಅದೇ ಭಾಷೆಯ ಅಕ್ಷರಗಳು ನನಗೆ ಅಪರಿಚಿತ. ಕ್ರಿಸ್ತಶಕ ಹನ್ನೆರಡು, ಹದಿಮೂರನೆಯ ಶತಮಾನದ ಕನ್ನಡ ಲಿಪಿ ಇಂದಿನದಕ್ಕೆ ತೀರ ದೂರವೂ ಅಲ್ಲ. ಪದಗಳ ನಡುವೆ ತೆರಪಿಲ್ಲ. ಎ-ಏ, ಒ-ಓಗಳಿಗೆ ಬೇರೆ ಬೇರೆ ಗುರುತಿಲ್ಲ. ಇಂದು ಬಳಕೆ ತಪ್ಪಿದ ಶಕಟರೇಫೆ ಅಲ್ಲಲ್ಲಿ ಬರುತ್ತದೆ. ಒಂದು ಮಳೆಗಾಲದಲ್ಲಿ ಕಲಿಯಬಹುದಾದ ವಿದ್ಯೆ. ನಾನು ಕಲಿಯಲಿಲ್ಲ, ನನ್ನ ವಿದ್ಯಾರ್ಥಿಗಳಿಗೆ ಕಲಿಸಲೂ ಇಲ್ಲ. ಮಾಯಾ ಜನರ ಹೊತ್ತಿಗೆಗಳನ್ನು ಪರರು ಸುಟ್ಟರು. ನಮ್ಮ ಕಲ್ಲುಗಳಿಗೆ ಬೆಂಕಿ ಇಟ್ಟವರು ಯಾರು? ಹೋಗಲಿ, ಓದಿಕೊಟ್ಟವರೂ ಇರಲಿಲ್ಲವೆಂದು ಹೇಳುವಂತಿಲ್ಲ. 1820ರ ದಶಕದಿಂದ ಧಾರವಾಡದ ಸೀಮೆಯಲ್ಲಿ ಅಧಿಕಾರಿಯಾಗಿದ್ದ ವಾಲ್ಟರ್ ಎಲಿಯಟ್ ಇಲ್ಲಿಯ ಪಂಡಿತರ ನೆರವಿನಿಂದ ಐನೂರಕ್ಕೂ ಹೆಚ್ಚು ಶಾಸನಗಳ ನಕಲು ಮಾಡಿಸಿದ. ಆಮೇಲೆ ಫ್ಲೀಟ್ ಬಂದ. 1939ರಲ್ಲಿ ಧಾರವಾಡದಲ್ಲಿ ಕನ್ನಡ ಸಂಶೋಧನ ಸಂಸ್ಥೆಯಾಯಿತು. ಪಂಚಮುಖಿಯವರಂಥ ವಿದ್ವಾಂಸರು ಬಿಸಿಲಲ್ಲಿ ನಿಂತು ಅಚ್ಚು ತೆಗೆದು ಸಂಪುಟಗಳನ್ನು ಹೊರತಂದರು. ಆ ಸಂಪುಟಗಳು ಗ್ರಂಥಾಲಯದಲ್ಲಿವೆ, ಕಲ್ಲುಗಳು ಊರಲ್ಲಿವೆ. ನಡುವೆ ಇರಬೇಕಾದವನು ಶಾಲೆಯ ಕನ್ನಡ ಮಾಸ್ತರ.

ಅಲ್ಲಿಂದ ಗಳಗನಾಥದವರೆಗೆ ಕಾರಿನಲ್ಲಿ ಯಾರೂ ಹೆಚ್ಚು ಮಾತನಾಡಲಿಲ್ಲ. ವರದೆ ತುಂಗಭದ್ರೆಯನ್ನು ಕೂಡುವ ಸ್ಥಳ ಅದು. ಹನ್ನೊಂದನೆಯ ಶತಮಾನದ ಗಳಗೇಶ್ವರ ಗುಡಿಯ ಹಿಂಬದಿಗೆ ಬಂದೊಡನೆ ಮೊಮ್ಮಗಳು "ಪಿರಮಿಡ್!" ಎಂದು ಕೂಗಿದಳು. ನಿಜವೇ. ಗರ್ಭಗುಡಿಯ ಹೊರಮೈ ನೆಲದಿಂದಲೇ ಅಗಲವಾಗಿ ಎದ್ದು, ಮೆಟ್ಟಿಲು ಮೆಟ್ಟಿಲಾಗಿ ಒಳಸರಿಯುತ್ತ ಮೇಲೇರುತ್ತದೆ. ಚಾಲುಕ್ಯರ ಬೇರೆ ಗುಡಿಗಳಲ್ಲಿ ನಾನು ಇಂಥದನ್ನು ಕಂಡಿಲ್ಲ. ಉಷ್ಮಾಲಿನ ಪಿರಮಿಡ್ಡಿಗೂ ಇದಕ್ಕೂ ಸಂಬಂಧ ಕಲ್ಪಿಸುವ ಸಾಹಸ ಯಾರೂ ಮಾಡಬಾರದು. ಭಾರ ಹೊರಬೇಕಾದ ಕಲ್ಲು ಎಲ್ಲಿಯಾದರೂ ಬುಡವನ್ನು ಅಗಲ ಮಾಡಿಕೊಳ್ಳುತ್ತದೆ, ಅಷ್ಟೆ. ನನಗೆ ನೆನಪಾದದ್ದು ಈ ಊರಿನ ಹೆಸರನ್ನೇ ತಮ್ಮ ಹೆಸರಾಗಿಸಿಕೊಂಡ ಕಾದಂಬರಿಕಾರ ವೆಂಕಟೇಶ ತಿರಕೊ ಕುಲಕರ್ಣಿಯವರು. 1869ರಿಂದ 1942ರವರೆಗೆ ಬಾಳಿದವರು. ತಾವು ಬರೆದ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರಿಗೆ ಹೋಗಿ ಮಾರುತ್ತಿದ್ದರೆಂದು ಹಿರಿಯರು ಹೇಳುವುದನ್ನು ಕೇಳಿದ್ದೇನೆ. ಕನ್ನಡ ಓದುವವರಿಲ್ಲ ಎಂದು ಗೊಣಗುತ್ತ ಅವರು ಕುಳಿತುಕೊಳ್ಳಲಿಲ್ಲ.

ಹಾವೇರಿಯ ದಾರಿಯಲ್ಲಿ ಮಗಳು ಇನ್ನೊಂದು ವಿಷಯ ಹೇಳಿದಳು. ತಿಕಾಲ್ ಎಂಬ ದೊಡ್ಡ ಮಾಯಾ ನಗರದಲ್ಲಿ ಕಾಲ ಕೆತ್ತಿದ ಕಟ್ಟಕಡೆಯ ಶಿಲೆ 869ನೆಯ ವರ್ಷದ್ದು. ಅವರ ಆ ದೀರ್ಘ ಕಾಲಗಣನೆಯ ಕೊನೆಯ ಶಿಲೆ, ತೊನಿನಾ ಎಂಬಲ್ಲಿ, 909ರದ್ದು. ಬರಗಾಲ, ಯುದ್ಧಗಳಿಂದ ದಕ್ಷಿಣದ ನಗರಗಳು ಪಾಳುಬಿದ್ದ ಕಾಲ. ನಾನು ಲೆಕ್ಕ ಹಾಕಿದೆ. ಇದೇ ಜಿಲ್ಲೆಯ ಬಂಕಾಪುರದಲ್ಲಿ ಗುಣಭದ್ರರ ಉತ್ತರಪುರಾಣಕ್ಕೆ ಪೂಜೆ ನಡೆದದ್ದು 898ರಲ್ಲಿ. ಅಲ್ಲಿ ಉಳಿಗಳು ನಿಂತ ದಶಕಗಳಲ್ಲಿ ಇಲ್ಲಿ ಉಳಿಗಳು ಇನ್ನೂ ಕೈಗೆ ಬರುತ್ತಿದ್ದವು.

ಹಾವೇರಿಯ ಪಶ್ಚಿಮಾಭಿಮುಖ ಸಿದ್ಧೇಶ್ವರನನ್ನು ಅವಸರದಲ್ಲಿ ನೋಡಿ, ಮೋಟೆಬೆನ್ನೂರಿನಲ್ಲಿ ಹೆದ್ದಾರಿ ಬಿಟ್ಟು ಬ್ಯಾಡಗಿಗೆ ಬಂದೆವು. ಊರು ಕಣ್ಣಿಗೆ ಬೀಳುವ ಮುಂಚೆ ಮೂಗಿಗೆ ಬಿತ್ತು. ಮೂವರೂ ಸೀನಿದೆವು. ಮಾರುಕಟ್ಟೆಯಲ್ಲಿ ಕೆಂಪು ರಾಶಿಗಳು. ಒಂದು ಕಡೆ ಹೆಂಗಸರು ಸಾಲಾಗಿ ಕುಳಿತು ತೊಟ್ಟು ಬಿಡಿಸುತ್ತಿದ್ದರು. ಖಾರ ಕಡಿಮೆ, ಬಣ್ಣ ಹೆಚ್ಚು, ಅದೇ ಬ್ಯಾಡಗಿಯ ಗುಣ. ಬಣ್ಣವನ್ನು ತೆಗೆದು ಊಟಕ್ಕೂ ತುಟಿಗೂ ಹಚ್ಚುವ ವ್ಯಾಪಾರವುಂಟು. 2011ರಲ್ಲಿ ಈ ಕಾಯಿಗೆ ಭೌಗೋಳಿಕ ಗುರುತು ಸಿಕ್ಕಿತು. ಎಂದರೆ ಈ ಮಣ್ಣಿನದೇ ಎಂಬ ಕಾಯಿದೆಯ ಮುದ್ರೆ. ಆದರೆ ಇದು ಹದಿನಾರನೆಯ ಶತಮಾನದಲ್ಲಿ ಪೋರ್ತುಗೀಜರ ಹಡಗಿನಲ್ಲಿ ಆ ಕಡೆಯ ಖಂಡದಿಂದ ಬಂದದ್ದು. ಯುಕಾತಾನಿನವರು ಇದಕ್ಕೆ 'ಈಕ್' ಎನ್ನುತ್ತಾರೆ. ನಮ್ಮವರು ಹೊಸ ಅತಿಥಿಗೆ ಹೊಸ ಹೆಸರು ಹುಡುಕಲಿಲ್ಲ. ಮನೆಯಲ್ಲಿದ್ದ ಮೆಣಸಿಗೆ ಕಾಯಿ ಸೇರಿಸಿ ಮೆಣಸಿನಕಾಯಿ ಎಂದರು, ನಾಲ್ಕೈದು ನೂರು ವರ್ಷ ಬೆವರು ಸುರಿಸಿದರು, ತಮ್ಮದು ಮಾಡಿಕೊಂಡರು. ಸಮುದ್ರದಾಚೆಯ ಕಾಯಿ ಹೀಗೆ ನಮ್ಮದಾಯಿತು. ನಮ್ಮದೇ ಆದ ಕಲ್ಲು ನನಗೆ ಹೊರಗಿನದಾಗಿತ್ತು. ಎರಡು ಕಿಲೋ ಡಬ್ಬಿ ಕಾಯಿ ಕೊಂಡು ಕತ್ತಲಾಗುವಷ್ಟರಲ್ಲಿ ಮೇಡ್ಲೇರಿ ಸೇರಿದೆವು. ಸುಮಾರು ನೂರೈವತ್ತು ಕಿಲೋಮೀಟರು ಆಗಿತ್ತು.

ಜನವರಿಯಲ್ಲಿ ಅವರು ಹೊರಟುಹೋದರು. ನಾನು ಧಾರವಾಡಕ್ಕೆ ಹೋಗಿ ಎ. ವಿ. ನರಸಿಂಹಮೂರ್ತಿಯವರ 'ಕನ್ನಡ ಲಿಪಿಯ ಉಗಮ ಮತ್ತು ವಿಕಾಸ' ಗ್ರಂಥದ ಒಂದು ಹಳೆಯ ಪ್ರತಿಯನ್ನು ಸಂಪಾದಿಸಿದೆ. ಮೊಮ್ಮಗಳು ಬಿಟ್ಟುಹೋದ ಸ್ಲೇಟಿನ ಮೇಲೆ ದಿನಕ್ಕೆ ಒಂದು ಅಕ್ಷರ ತಿದ್ದುತ್ತೇನೆ. ಮನೆಯಾಕೆ ಮೊದಮೊದಲು ನಕ್ಕಳು. ಈಗ ಬಳಪ ಮುಗಿದರೆ ತಾನೇ ತರಿಸಿಡುತ್ತಾಳೆ. ಶಿವರಾತ್ರಿಯಾದ ಮೇಲೆ ಒಬ್ಬನೇ ಕಾರು ತೆಗೆದುಕೊಂಡು ಚೌಡದಾನಪುರಕ್ಕೆ ಹೋದೆ. ಬೆಳಗಿನ ಏಳು ಗಂಟೆಯ ಓರೆಬಿಸಿಲಿನಲ್ಲಿ ಅಕ್ಷರಗಳ ಅಂಚಿಗೆ ನೆರಳು ಕೂಡುತ್ತದೆ. ನಡುಹಗಲಿನಲ್ಲಿ ಕಾಣದ್ದು ಆಗ ಕಾಣುತ್ತದೆ. ಇದೂ ಆ ದಿನ ನನಗೆ ತಿಳಿದಿರಲಿಲ್ಲ. ಒಂದೂವರೆ ಗಂಟೆ ನಿಂತೆ. ಕಾಲು ನೋಯಿತು. 'ಸ್ವಸ್ತಿ' ಎಂಬ ಒಂದು ಶಬ್ದ, ಮತ್ತೆ ಅಲ್ಲೊಂದು ಇಲ್ಲೊಂದು ಅಕ್ಷರ ಸಿಕ್ಕಿದವು. ಹುಡುಗಿ ಬೆರಳಿಟ್ಟಿದ್ದ ಅಕ್ಷರವನ್ನೂ ಹುಡುಕಿದೆ. ಅದು 'ಮ'ವೂ ಅಲ್ಲ, 'ವ'ವೂ ಅಲ್ಲ, 'ಯ'.

ಅವಳು ಪ್ರತಿ ಭಾನುವಾರ ಫೋನು ಮಾಡುತ್ತಾಳೆ. ಕ್ಷೇಮಸಮಾಚಾರಕ್ಕೂ ಮುಂಚೆ ಕೇಳುವುದು ಒಂದೇ: "ಅಜ್ಜಾ, ಈಗ ಎಷ್ಟು ಅಕ್ಷರ ಬರ್ತಾವು?" ಹೋದ ಭಾನುವಾರ ಇಪ್ಪತ್ತಾರು ಎಂದು ಹೇಳಿದ್ದೇನೆ. ಅದರಲ್ಲಿ ಎರಡು ಇನ್ನೂ ಅನುಮಾನ.