ದಾಖಲೆಯಲ್ಲಿ ಉಳಿಯದ ಅಜ್ಜಿ

ವರದಾ ನದಿಯು ತುಂಗಭದ್ರೆಯನ್ನು ಕೂಡುವ ಗಳಗನಾಥದಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಗಳಗೇಶ್ವರ ದೇವಾಲಯವಿದ್ದು, ಆ ಕಾಲದ ಶಾಸನಗಳಲ್ಲಿ ದತ್ತಿ ಕೊಟ್ಟ ಅರಸರ, ಅಧಿಕಾರಿಗಳ ಹೆಸರುಗಳು ಇಂದಿಗೂ ಓದಲು ಸಿಗುತ್ತವೆ. ಆದರೆ ಅದೇ ಸೀಮೆಯ ಒಕ್ಕಲು ಮನೆಯೊಂದರಲ್ಲಿ ಮೂರು ತಲೆಮಾರಿನ ಹಿಂದೆ ಬಾಳಿದ ಅಜ್ಜಿಯ ಕಥೆಯನ್ನು ಹುಡುಕಹೊರಟವರಿಗೆ ಅಷ್ಟು ಸುಲಭವಾಗಿ ಏನೂ ದೊರೆಯುವುದಿಲ್ಲ.

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಗಳು 1956ರವರೆಗೆ ಮುಂಬಯಿ ಆಡಳಿತದ ಧಾರವಾಡ ಜಿಲ್ಲೆಗೆ ಸೇರಿದ್ದವಾದ್ದರಿಂದ ಇಲ್ಲಿಯ ಹಳೆಯ ಕಾಗದಪತ್ರಗಳಲ್ಲಿ ಕೆಲವು ಮೋಡಿಯಲ್ಲಿ, ಅಂದರೆ ಮರಾಠಿಯನ್ನು ವೇಗವಾಗಿ ಬರೆಯಲು ಬಳಸುತ್ತಿದ್ದ ಲಿಪಿಯಲ್ಲಿ ಇವೆ. ಅಂಥ ಪತ್ರಗಳಲ್ಲಿ ಹೆಣ್ಣು ಹೆಚ್ಚಾಗಿ ಕಾಣಿಸಿಕೊಳ್ಳುವುದು ಗಂಡ ತೀರಿಕೊಂಡು ಹೊಲದ ವಾರಸಾ, ಎಂದರೆ ಉತ್ತರಾಧಿಕಾರದ ನೋಂದಣಿ ಆದಾಗ, ಇಲ್ಲವೆ ವ್ಯಾಜ್ಯ ಕೋರ್ಟು ಹತ್ತಿದಾಗ. ಅಲ್ಲಿಯೂ ಅವಳು ಹೆಂಡತಿ ಎಂಬರ್ಥದ 'ಕೋಂ' ಎಂಬ ಶಬ್ದದ ಮೂಲಕ ಗಂಡನ ಹೆಸರಿಗೆ ಜೋಡಿಕೊಂಡಿರುತ್ತಾಳೆ. ಅವಳ ತವರು, ಹೆರಿಗೆಗಳು, ಬ್ಯಾಡಗಿ ಮೆಣಸಿನಕಾಯಿಯ ತೊಟ್ಟು ಬಿಡಿಸಿ ಗಳಿಸಿದ ಕೂಲಿ, ಇವುಗಳಿಗೆ ಅಲ್ಲಿ ಜಾಗವೇ ಇಲ್ಲ.

ಸ್ವಾತಂತ್ರ್ಯ ಹೋರಾಟಕ್ಕಿಳಿದ ಹೆಣ್ಣಿನ ಪಾಡೂ ಬಹಳ ಬೇರೆಯಲ್ಲ. ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರು 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದುದನ್ನು ಈ ನಾಡು ಸ್ಮಾರಕದಲ್ಲಿ, ಪಠ್ಯದಲ್ಲಿ ನೆನೆಯುತ್ತದೆ. ತಾವೂ ಚಳವಳಿಗಿಳಿದಿದ್ದ ಅವರ ಪತ್ನಿ ಸಿದ್ದಮ್ಮನವರನ್ನು ನೆನೆಯುವಾಗ ಮಾತ್ರ ಅವರ ಪತ್ನಿ ಎಂಬಲ್ಲಿಗೇ ಮಾತು ನಿಂತುಬಿಡುತ್ತದೆ, ಇದು ನ್ಯಾಯವಲ್ಲ.

ಕಾಗದ ನಿಂತಲ್ಲಿ ಬಟ್ಟೆ ಮಾತಾಡುತ್ತದೆ. ಈ ಭಾಗದ ಕೌದಿಯಲ್ಲಿ, ಅಂದರೆ ಹಳೆಯ ಬಟ್ಟೆಯ ತುಂಡುಗಳನ್ನು ಕೂಡಿಸಿ ಕೈಯಲ್ಲಿ ಹೊಲಿದ ಹೊದಿಕೆಯಲ್ಲಿ, ಇಳಕಲ್ಲ ಸೀರೆಯ ಸೆರಗು, ಖಣದ ಕುಪ್ಪಸ, ಕೂಸಿನ ಅಂಗಿ ಒಟ್ಟಿಗಿದ್ದು, ಯಾವ ತುಂಡು ಯಾರದೆಂದು ತಿಳಿದವರು ಬದುಕಿರುವ ತನಕ ಅದು ಒಂದು ಮನೆತನದ ದಾಖಲೆಯೇ ಆಗಿರುತ್ತದೆ. ಕಲಾವಿದರು ಕಳೆದುಹೋದ ಬಾಳನ್ನು ಮತ್ತೆ ಕಟ್ಟಬೇಕಾದದ್ದು ಇಂಥ ಸಾಮಗ್ರಿಯಿಂದ. ಬೆಂಗಳೂರಿನ ಕಲಾವಿದೆ ಪುಷ್ಪಮಾಲಾ ಎನ್. ಅವರು ಕ್ಲೇರ್ ಆರ್ನಿಯವರೊಡನೆ ರೂಪಿಸಿದ ಛಾಯಾಚಿತ್ರ ಸರಣಿಯಲ್ಲಿ ವಸಾಹತುಕಾಲದಲ್ಲಿ ದೇಹದ ಅಳತೆಗೆಂದು ತೆಗೆದ ಚಿತ್ರಗಳ ಹೆಸರಿಲ್ಲದ ಹೆಣ್ಣಿನ ಭಂಗಿಯನ್ನು ತಾವೇ ತಳೆದು, ಹಿಂದಿನ ಪರದೆ ಪರದೆಯೆಂದೇ ಕಾಣುವಂತೆ ಬಿಟ್ಟಿರುವುದು, ಹಾಗೆ ಕಟ್ಟಿದ್ದನ್ನು ಕಟ್ಟಿದ್ದೆಂದೇ ತೋರಿಸುವುದಕ್ಕೆ ಒಳ್ಳೆಯ ಮಾದರಿ. ದಾಖಲೆ ಎಲ್ಲಿ ಮುಗಿದು ಕಲ್ಪನೆ ಎಲ್ಲಿ ತೊಡಗಿತೆಂಬುದನ್ನು ನೋಡುಗರಿಂದ ಬಚ್ಚಿಟ್ಟರೆ, ಎಂದೂ ಮಾತಾಡದ ಅಜ್ಜಿಯ ಬಾಯಿಗೆ ಸುಳ್ಳು ತುರುಕಿದಂತಾಗುತ್ತದೆ.

ಮೊದಲು ಹೇಳಿದ ಗಳಗನಾಥ ಊರಿನ ಹೆಸರನ್ನೇ ಕಾವ್ಯನಾಮವಾಗಿ ಪಡೆದ ವೆಂಕಟೇಶ ತಿರಕೋ ಕುಲಕರ್ಣಿಯವರು (1869–1942) ಕಾದಂಬರಿಗಳಲ್ಲಿ ಗತಕಾಲವನ್ನು ಕಣ್ಮುಂದೆ ತಂದರು. ಮನೆಯ ಅಜ್ಜಿಯ ಗತಕಾಲಕ್ಕೆ ಮನೆಯವರೇ ಮೊದಲ ಲೇಖಕರಾಗಬೇಕು: ಹಿರಿಯರು ಇರುವಾಗಲೇ ಕೇಳಿ, ಗೋಡೆಯ ಪಟದ ಬೆನ್ನಿಗೆ ಅವಳ ಸ್ವಂತ ಹೆಸರನ್ನು, ತವರೂರನ್ನು, ಅವಳು ಮಾಡಿದ ಕೆಲಸವನ್ನು ಇಂದೇ ಬರೆದಿಡಲಿ.