ತುರುಪಿನ ಎಲೆ, ದಾಳದ ಗರ



ಟ್ಯಾರೋ ಅಂದರೆ ಕಣಿ ಹೇಳುವ ಎಲೆಗಳು ಎಂದೇ ನಮ್ಮ ತಿಳಿವಳಿಕೆ. ಅವು ಹುಟ್ಟಿದ್ದು ಮಾತ್ರ ಆಟಕ್ಕೆ. 1440ರ ದಶಕದಲ್ಲಿ ಇಟಲಿಯ ಮಿಲಾನ್, ಫೆರಾರಾಗಳ ಅರಮನೆಗಳಲ್ಲಿ ಅದು ದೊಡ್ಡ ಎಲೆ ಇಳಿಸಿ ಸಣ್ಣದನ್ನು ಬಾಚಿಕೊಳ್ಳುವ ಆಟ. ಇವತ್ತು ನೋಡಿದವರ ಎದೆ ನಡುಗಿಸುವ ‘ಸಾವು’ ಎಂಬ ಎಲೆ ಆಗ ಬರೀ ತುರುಪು. 1781ರಲ್ಲಿ ಫ್ರಾನ್ಸಿನ ಕೂರ್ ದ ಜೆಬೆಲಾಂ ಇದು ಈಜಿಪ್ಟಿನ ಪುರಾತನ ವಿದ್ಯೆ ಎಂದು ಆಧಾರವಿಲ್ಲದೆ ಬರೆದ. ಕಣಿಯ ಖ್ಯಾತಿ ಹಬ್ಬಿದ್ದು ಆಮೇಲೆ.

ಎಲೆಗಳಿಗಿಂತ ಹಳೆಯದು ಝಾರಾ ಎಂಬ ದಾಳದಾಟ. ಮೂರು ದಾಳ, ಉರುಳಿಸುವ ಮುಂಚೆ ಎಷ್ಟು ಬೀಳುತ್ತದೆಂದು ಕೂಗಬೇಕು. ದಾಂತೆ ತನ್ನ ಮಹಾಕಾವ್ಯದ ‘ಪುರ್ಗತೋರಿಯೋ’ದ ಆರನೆಯ ಸರ್ಗವನ್ನು ಈ ಆಟದಿಂದಲೇ ತೆರೆಯುತ್ತಾನೆ. ಗೆದ್ದವನ ಬೆನ್ನಿಗೆ ಜನವೋ ಜನ. ಸೋತವನು ಒಬ್ಬನೇ ಉಳಿದು, ಬಿದ್ದ ಗರಗಳನ್ನೇ ಮತ್ತೆ ಮತ್ತೆ ನೆನೆಯುತ್ತಾನೆ. ಧರ್ಮರಾಯನ ಕಥೆ ಕೇಳಿ ಬೆಳೆದ ನಮಗೆ ಅವನು ಹೊರಗಿನವನಲ್ಲ.

ಮೂರು ದಾಳಗಳಲ್ಲಿ ಬೀಳಬಹುದಾದ ಬೇರೆ ಬೇರೆ ಗರ 56. ಸುಮಾರು 965ರಲ್ಲಿ ಕಾಂಬ್ರೆಯ ಬಿಷಪ್ ವಿಬೋಲ್ಡ್ ಪಾದ್ರಿಗಳಿಗಾಗಿ ಒಂದೊಂದು ಗರಕ್ಕೆ ಒಂದೊಂದು ಸದ್ಗುಣವನ್ನಿಟ್ಟು ಆಟ ಕಟ್ಟಿದ. ಮೂರರಲ್ಲೂ ಒಂದು ಬಿದ್ದರೆ ಪ್ರೀತಿ! ಟ್ಯಾರೋದಲ್ಲಿ ತುರುಪು ಬಿಟ್ಟರೆ ಉಳಿಯುವುದೂ 56 ಎಲೆ. ನನಗದು ಕಾಕತಾಳೀಯವೆಂದೇ ತೋರುತ್ತದೆ; ನಾಲ್ಕು ಗುರುತು, ತಲಾ ಹದಿನಾಲ್ಕು ಎಲೆ, ಅಷ್ಟೇ.

ಈ ಎಲೆಗಳಲ್ಲೇ ಝಾರಾ ಆಡಬಹುದು. ಬಟ್ಟಲು, ಖಡ್ಗ, ನಾಣ್ಯ, ಈ ಮೂರು ಗುರುತುಗಳಲ್ಲೂ ಒಂದರಿಂದ ಆರರವರೆಗಿನ ಎಲೆ ತೆಗೆದು ಮೂರು ಕಟ್ಟು ಮಾಡಿ. ಒಂದೊಂದು ಕಟ್ಟೂ ಒಂದು ದಾಳ. ಕಲೆಸಿ, ಮೊತ್ತ ಕೂಗಿ, ಕಟ್ಟಿಗೊಂದರಂತೆ ಎಳೆಯಿರಿ. ಎಳೆದದ್ದನ್ನು ಸೇರಿಸಿ ಮತ್ತೆ ಕಲೆಸಲೇಬೇಕು. ದಾಳಕ್ಕೆ ಹಿಂದಿನ ಗರದ ನೆನಪಿಲ್ಲ, ಎಲೆಕಟ್ಟಿಗೆ ಇರುತ್ತದೆ.

ಮೂರು ದಾಳಗಳ ಮೊತ್ತವಾಗಿ ಒಂಬತ್ತೂ ಹತ್ತೂ ಆರಾರು ಬಗೆಯಲ್ಲಿ ಕೂಡುತ್ತವೆ, ಆದರೂ ಹತ್ತೇ ಹೆಚ್ಚು ಬೀಳುವುದೇಕೆ? 17ನೆಯ ಶತಮಾನದಲ್ಲಿ ಗೆಲಿಲಿಯೋ ಇದನ್ನು ಬಿಡಿಸಿ ಬರೆದ: ದಾಳಗಳು ಬೀಳಬಹುದಾದ ಒಟ್ಟು 216 ದಾರಿಗಳಲ್ಲಿ ಒಂಬತ್ತಕ್ಕೆ 25 ದಾರಿ, ಹತ್ತಕ್ಕೆ 27. ಓದಿದಾಗ ನನಗೆ ಪೂರ್ತಿ ಹಿಡಿದಿರಲಿಲ್ಲ. ಹದಿನೆಂಟೂ ಎಲೆಗಳನ್ನು ಚಾಪೆಯ ಮೇಲೆ ಹರಡಿಕೊಂಡ ಸಂಜೆ ಕಣ್ಣಿಗೇ ಕಂಡಿತು. ದಾಳಗಳು ಒಂದರಂತೆ ಒಂದು, ಯಾವುದು ಯಾವುದೆಂದು ತಿಳಿಯದು. ಎಲೆಗಳಿಗೆ ಗುರುತಿದೆ. ಮೂರು ಮೂರುಗಳ ಒಂಬತ್ತನ್ನು ಒಂದೇ ರೀತಿ ಇಡಬಹುದು. ನಾಲ್ಕು, ಮೂರು, ಮೂರರ ಹತ್ತಿನಲ್ಲೋ, ಆ ನಾಲ್ಕು ಒಮ್ಮೆ ಬಟ್ಟಲಿನದು, ಒಮ್ಮೆ ಖಡ್ಗದ್ದು, ಇನ್ನೊಮ್ಮೆ ನಾಣ್ಯದ್ದು.