ಕ್ಯಾಮೆರಾ ಹಿಡಿದವರ ಕಥೆ



ಸಾಕ್ಷ್ಯಚಿತ್ರ ನೋಡಿ ಎದ್ದಮೇಲೆ ನಿರ್ದೇಶಕರ ಹೆಸರು ನೆನಪಿನಲ್ಲಿ ಉಳಿಯುತ್ತದೆ. ಕ್ಯಾಮೆರಾ ಹಿಡಿದವರು ಯಾರೆಂದು ಕೇಳುವವರು ಅಪರೂಪ. ಅಮೆರಿಕದ ಕರ್ಸ್ಟನ್ ಜಾನ್ಸನ್ ಸುಮಾರು ಕಾಲು ಶತಮಾನ ಹೀಗೆ ಬೇರೆಯವರ ಚಿತ್ರಗಳಿಗಾಗಿ ದುಡಿದರು. ಪ್ಯಾರಿಸ್ಸಿನ ಲಾ ಫೆಮಿಸ್ ಶಾಲೆಯಲ್ಲಿ ಛಾಯಾಗ್ರಹಣ ಕಲಿತು, ಆಮೇಲೆ ಊರೂರು, ದೇಶದೇಶ ಸುತ್ತಿದರು. ಮೈಕಲ್ ಮೂರ್ ಅವರ 'ಫ್ಯಾರನ್‌ಹೀಟ್ 9/11', ಆಸ್ಕರ್ ಗೆದ್ದ ಲಾರಾ ಪೊಯ್ಟ್ರಸ್ ಅವರ 'ಸಿಟಿಜನ್‌ಫೋರ್', ಎರಡರಲ್ಲೂ ಇವರ ಕೈಚಳಕವಿದೆ. ನಡುವೆ, 2004ರಲ್ಲಿ, ಇಲಿನಾಯ್ ರಾಜ್ಯದ ಮರಣದಂಡನೆಯ ಕುರಿತು 'ಡೆಡ್‌ಲೈನ್' ಎಂಬ ಚಿತ್ರವನ್ನು ಜೊತೆಯಾಗಿ ನಿರ್ದೇಶಿಸಿದ್ದೂ ಉಂಟು. ಆದರೆ ಅವರದೇ ಎನ್ನಬಹುದಾದ ದನಿ ಹೊರಟಿದ್ದು ಒಂದು ಸೋಲಿನಿಂದ.

ಕಾಬೂಲಿನಲ್ಲಿ ಅವರೊಂದು ಚಿತ್ರ ಮಾಡುತ್ತಿದ್ದರು. ಮುಖ ತೋರಿಸಿದರೆ ತನಗೆ ಅಪಾಯವೆಂದು ಅದರಲ್ಲಿದ್ದ ಹುಡುಗಿ ಹಿಂದೆ ಸರಿದಳು. ಚಿತ್ರ ಅಲ್ಲಿಗೇ ನಿಂತಿತು. ಹಾಗಾದರೆ ಇಷ್ಟು ವರ್ಷ ತಾನು ಚಿತ್ರಿಸಿದ ಮುಖಗಳ ಗತಿಯೇನು? ಈ ಪ್ರಶ್ನೆ ಹೊತ್ತು ಜಾನ್ಸನ್ ಹಳೆಯ ಚಿತ್ರಿಕೆಗಳನ್ನು ತೆರೆದರು. ಬೇರೆ ಬೇರೆ ಚಿತ್ರಗಳಿಗೆಂದು ತಾವು ತೆಗೆದಿದ್ದ ತುಣುಕುಗಳನ್ನೇ ಹೆಣೆದು 2016ರಲ್ಲಿ 'ಕ್ಯಾಮೆರಾಪರ್ಸನ್' ಮಾಡಿದರು. ವಿವರಣೆಯ ದನಿಯಿಲ್ಲದ ಆತ್ಮಕಥೆ ಅದು.

ಬೋಸ್ನಿಯಾದ ಬಯಲಿನಲ್ಲಿ ಮಸೂರಕ್ಕೆ ಅಡ್ಡ ಬಂದ ಹುಲ್ಲನ್ನು ಒಂದು ಕೈ ಕಿತ್ತು ಹಾಕುತ್ತದೆ. ಮಿಸೌರಿಯಲ್ಲಿ ಮಿಂಚು ಬಡಿದಾಗ ಕ್ಯಾಮೆರಾದ ಹಿಂದಿನಿಂದ ಒಂದು ಉದ್ಗಾರ. ಮರುಗಳಿಗೆ ಆಕೆ ಸೀನುತ್ತಾರೆ, ದೃಶ್ಯವೇ ಅದುರುತ್ತದೆ. ಸಂಕಲನಕಾರರು ಮೊದಲು ಕತ್ತರಿಸಿ ಎಸೆಯುವುದೇ ಇಂಥದನ್ನು. ಇಲ್ಲಿ ಅದೇ ಜೀವಾಳ.

ನೈಜೀರಿಯಾದ ಕಾನೊದ ಆಸ್ಪತ್ರೆಯ ದೃಶ್ಯವಂತೂ ನೋಡುವವರ ಕರುಳು ಹಿಂಡುತ್ತದೆ. ಈಗಷ್ಟೇ ಹುಟ್ಟಿದ ಕೂಸು ಉಸಿರಿಗಾಗಿ ಒದ್ದಾಡುತ್ತಿದೆ. ಕೊಡಲು ಆಮ್ಲಜನಕವಿಲ್ಲ. ಸೂಲಗಿತ್ತಿ ಕೈಲಾದ್ದನ್ನೆಲ್ಲ ಮಾಡುತ್ತಿದ್ದಾಳೆ, ಕ್ಯಾಮೆರಾ ಓಡುತ್ತಲೇ ಇದೆ. ಅದನ್ನು ಕೆಳಗಿಟ್ಟು ಏನಾದರೂ ಮಾಡಬಾರದೇ ಎಂದು ನಮಗೆ ಅನ್ನಿಸದೇ ಇರದು. ಮಾಡುವುದಾದರೂ ಏನನ್ನು? ಜಾನ್ಸನ್ ತಮ್ಮ ಪರವಾಗಿ ಒಂದು ಮಾತನ್ನೂ ಸೇರಿಸುವುದಿಲ್ಲ. ಆ ಸಂಕೋಚ ಅವರೊಬ್ಬರಿಗೇ ಬಿಟ್ಟದ್ದಲ್ಲ, ಕೂತು ನೋಡುತ್ತಿರುವ ನಮಗೂ ಪಾಲಿದೆ.

ಇದೇ ಚಿತ್ರದಲ್ಲಿ ಆಲ್ಝೈಮರ್ ಕಾಯಿಲೆ ಹಿಡಿದ ತಾಯಿಯೂ ಬರುತ್ತಾರೆ. ಜಗತ್ತನ್ನೆಲ್ಲ ಚಿತ್ರಿಸಿದ ಮಗಳ ಬಳಿ ಹೆತ್ತವಳ ಚಿತ್ರಿಕೆ ಇದ್ದದ್ದು ತೀರಾ ಸ್ವಲ್ಪ. ತಂದೆಗೂ ಮರೆವು ಕವಿಯತೊಡಗಿದಾಗ ಆಕೆ ಮತ್ತೆ ಹಾಗಾಗಲು ಬಿಡಲಿಲ್ಲ. ಮನೋವೈದ್ಯರಾಗಿದ್ದ ತಂದೆಯನ್ನು ಕೂಡಿಸಿಕೊಂಡು, ಅವರ ಸಾವನ್ನೇ ಬಗೆಬಗೆಯಾಗಿ ನಟಿಸಿ ತೋರಿಸುವ 'ಡಿಕ್ ಜಾನ್ಸನ್ ಈಸ್ ಡೆಡ್' ತೆಗೆದರು. ಒಂದು ಕಡೆ ಮೇಲಿನಿಂದ ಏರ್‌ಕಂಡಿಷನರ್ ತಲೆಗೆ ಬೀಳುತ್ತದೆ, ಇನ್ನೊಂದು ಕಡೆ ಮೆಟ್ಟಿಲಿಂದ ಜಾರುತ್ತಾರೆ. ಸ್ವಂತ ಉತ್ತರಕ್ರಿಯೆಯ ಪ್ರಾರ್ಥನೆಯನ್ನೂ ಮುದುಕ ಇಣುಕಿ ನೋಡುತ್ತಾರೆ! 2020ರ ಸನ್‌ಡಾನ್ಸ್ ಉತ್ಸವದಲ್ಲಿ ಅದಕ್ಕೆ ತೀರ್ಪುಗಾರರ ವಿಶೇಷ ಪ್ರಶಸ್ತಿ ಸಿಕ್ಕಿತು.

ಜನಕ್ಕೆ ಈ ಎರಡನೆಯದೇ ಹೆಚ್ಚು ಹಿಡಿಸಿರಬಹುದು. ನನ್ನ ಮತ ಮೊದಲನೆಯದಕ್ಕೆ. ಡಿಕ್ ಜಾನ್ಸನ್ ನಗುತ್ತಾ ಒಪ್ಪಿಕೊಂಡು ಕ್ಯಾಮೆರಾದ ಮುಂದೆ ನಿಂತವರು. ಕಾನೊದ ಕೂಸನ್ನು ಯಾರೂ ಕೇಳಿರಲಿಲ್ಲ.